ನೆರೆಯವರ ಮುಂದೆ ಕೇಳಿದ ಪ್ರಶ್ನೆ

ಹಾಸಿಗೆ ಹಿಡಿದ ಗಂಡನ ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಮನೆಗೆ ಬರುತ್ತಿದ್ದ ಸರ್ಕಾರಿ ನರ್ಸ್ ಯಾಕೆ ಬರುತ್ತಿಲ್ಲವೆಂದು ಕೇಳಲು ಟೈಲರಮ್ಮ ಆರೋಗ್ಯ ಇಲಾಖೆ ಕಚೇರಿಯ ಬೆಂಚಿನಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಸಮಾಜಶಾಸ್ತ್ರದ ಮೇಡಂ, ಅವರ ಶಿಷ್ಯೆ.

“ನಮ್ಮ ಸರ್ವೆ ನೋಡೇ ನರ್ಸ್‌ಗಳನ್ನ ಮನೆಗೆ ಕಳಿಸೋದು ನಿಲ್ಲಿಸಿದ್ದಾರಂತೆ ಮೇಡಂ.”

“ನಿಲ್ಲಿಸಿ ಅಂತ ನಾವೆಲ್ಲಿ ಬರೆದ್ವಿ? ನೂರಕ್ಕೆ ತೊಂಬತ್ತು ಮನೇಲಿ ನೆರೆಯವರು ಕಷ್ಟಕ್ಕಾಗ್ತಾರೆ ಅಂತ ಬರೆದ್ವಿ, ಅಷ್ಟೇ.”

“ಸಾಹೇಬರಿಗೆ ಅಷ್ಟೇ ಸಾಕಾಯ್ತು.”

“ಜನ ಹೇಳಿದ್ದನ್ನೇ ತಾನೇ ನೀನು ಬರ್ಕೊಂಡಿದ್ದು?”

“ಹೂಂ. ಆದ್ರೆ ನಾನು ಕೇಳುವಾಗ ಆ ನೆರೆಯವರೇ ಬಾಗಿಲಲ್ಲಿ ನಿಂತಿರ್ತಿದ್ರು. ಅವರೆದುರಿಗೆ ಯಾರು ಇಲ್ಲ ಅಂತಾರೆ?”

ಮೇಡಂ ದನಿ ತಗ್ಗಿತು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಫಾರಂನಲ್ಲಿ ಅದಕ್ಕೆ ಜಾಗ ಇರ್ಲಿಲ್ಲ.”

“ಒಳಗೆ ಬಾಯಿ ಬಿಡಬೇಡ. ನನ್ನ ಹೆಸರು ಆ ವರದಿ ಮೇಲಿದೆ.”

“ನರ್ಸ್ ನಿಂತುಹೋದ ಮನೆಯವರ ಗತಿ?”

ಜವಾನ ಕರೆದ, ಇಬ್ಬರೂ ಎದ್ದು ಸಾಹೇಬರ ಕೋಣೆಗೆ ಹೋದರು.

ಟೈಲರಮ್ಮನಿಗೆ ಆ ಹುಡುಗಿಯ ಮುಖದ ಗುರುತು ಈಗ ಸಿಕ್ಕಿತ್ತು. ಅವತ್ತು ಅವಳು ಸರ್ವೆಗೆಂದು ಮನೆಗೆ ಬಂದಾಗ ಪಕ್ಕದ ಮನೆಯಾಕೆಯ ಕೈ ಹಿಡಿದುಕೊಂಡು, “ನಮ್ಮಕ್ಕ ಇರುವಾಗ ನನಗೇನು ಕಷ್ಟ, ಬರ್ಕೊಳಮ್ಮ” ಎಂದು ತಾನೇ ನಕ್ಕು ಹೇಳಿದ್ದಳು.