ಬಸಿಗಾಲುವೆಯ ಸದ್ದು

ಮಗಳ ಕಿವಿನೋವಿಗೆಂದು ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದೆ. ಅವಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಪಕ್ಕದ ಬೆಂಚಿನಲ್ಲಿ ಜೌಗಿನಂಚಿನ ಮನೆಯ ಡೆರ್ವ್ಲಾ ಮತ್ತು ಅವಳ ತಮ್ಮ ಫಿಂಟನ್. ಹೊಲದತ್ತ ನಡೆಯಲಾರದಷ್ಟು ಮುದುಕರಾದ ಅವರ ತಂದೆ ಮಲಾಕಿ ಒಳಗಿದ್ದರು.

"ನಿಜ ಹೇಳಿಬಿಡೋ. ಬಸಿಗಾಲುವೆ ಸದ್ದು ಕೇಳಿಸ್ತಿಲ್ಲ, ಕಿವಿನೇ ಹೋಯ್ತು ಅಂತ ಅಪ್ಪ ಕೊರಗ್ತಿದಾರೆ," ಎಂದಳು ಡೆರ್ವ್ಲಾ.

"ಏನಂತ ಹೇಳ್ಲಿ ಅಕ್ಕಾ? ಅಪ್ಪಾ, ಜೌಗಿನ ನೀರು ಬಸಿಯೋಕೆ ನೀನು ಕೈಯಾರೆ ತೋಡಿದ ಕಾಲುವೆಗೆ ನಿನ್ನ ಮಗನೇ ಜೇಸಿಬಿ ತಂದು ಒಡ್ಡು ಹಾಕ್ದ ಅಂತಲಾ?"

"ಒಣಗಿದ ಜೌಗು ಮತ್ತೆ ನೆನೀಬೇಕು, ಭೂಮಿಗೇ ಒಳ್ಳೇದು ಅಂತ ಭಾಷಣ ಬಿಗಿದವನು ನೀನೇ ತಾನೆ?"

"ಜೌಗಿಗೆ ಒಳ್ಳೇದೇ ಆಯ್ತು. ಹಕ್ಕಿಗಳೂ ಬಂದ್ವು. ನೀರು ನಮ್ಮ ಹುಲ್ಲುಗಾವಲಿಗೂ ನುಗ್ಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಅಪ್ಪಂಗೆ ಗೊತ್ತಿರ್ತಿತ್ತು. ನೀನು ಕೇಳ್ಲಿಲ್ಲ."

"ಬೈಯಕ್ಕಾ, ಬೈ. ಹಸುಗಳು ಮೊಣಕಾಲುದ್ದ ನೀರಲ್ಲಿ ನಿಂತಿವೆ. ಒಡ್ಡು ಒಡೆಯೋಕೆ ಸರ್ಕಾರದವರು ಬಿಡಲ್ವಂತೆ. ಇನ್ನು ಆ ಹುಲ್ಲುಗಾವಲು ನಮ್ಮ ಪಾಲಿಗಿಲ್ಲ."

ಬಾಗಿಲು ತೆರೆಯಿತು. ಮಲಾಕಿ ಕೋಲೂರಿಕೊಂಡು ನಗುತ್ತಾ ಬಂದರು.

"ಕಿವಿ ಗಟ್ಟಿಯಾಗೇ ಇದೆಯಂತೆ ಕಣ್ರೋ!"

ಫಿಂಟನ್ ಮುಖ ತಿರುಗಿಸಿ ಕಿಟಕಿಯತ್ತ ನೋಡಿದ. ಮುದುಕರ ನಗು ನಿಂತಿತು.

"ಹಂಗಾದ್ರೆ... ಕಾಲುವೆಗೆ ಏನಾಗಿದೆ?"

"ಹೊರಗೆ ಚಳಿ ಇದೆ, ಅಪ್ಪಾ," ಎಂದು ಡೆರ್ವ್ಲಾ ಅವರ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು, ಕೈಹಿಡಿದು ನಡೆಸಿಕೊಂಡು ಹೋದಳು.