ಸೋರಿಕೆ ಹುಡುಕುವ ಸಿಗರೇಟು

ಲೆಸ್ಕೊವಾತ್ಸ್ ಊರಿನ ವಾಹನ ತಪಾಸಣೆಯ ಸಾಲಿನಲ್ಲಿ ವೆರಿಕಾಳ ಕಾರಿನ ಮುಂದೆ, ಕೆಂಪು ಮೆಣಸಿನಕಾಯಿ ಹೇರಿದ ಹಳೆಯ ಡೀಸೆಲ್ ವ್ಯಾನೊಂದು ನಿಂತಿತ್ತು. ಓಡುತ್ತಿದ್ದ ಎಂಜಿನ್ನಿನ ಮೇಲೆ ಗಂಡ ಹೆಂಡತಿ ಬಗ್ಗಿದ್ದರು. ಬೇರೆಯವರ ಮಾತು ಕೇಳುವುದು ತಪ್ಪೆಂದು ವೆರಿಕಾ ಕಿಟಕಿ ಏರಿಸಿದಳು. ಸೆಖೆ ತಡೆಯಲಾರದೆ ಮತ್ತೆ ಇಳಿಸಿದಳು.

“ರಾದೊಯೆ, ಬಾಯಲ್ಲಿ ಅದೇನು?” ಹೆಂಡತಿ ಕೇಳಿದಳು.

“ಸಿಗರೇಟು. ಗಾಳಿ ಎಳೆಯೋ ಕೊಳವೆ ಎಲ್ಲೋ ಸೋರ್ತಿದೆ ಕೊಸಾರಾ. ಹೊಗೆ ಹಿಡಿದ್ರೆ ಸಂದು ಇರೋ ಕಡೆ ಒಳಗೆ ಎಳ್ಕೊಳ್ಳತ್ತೆ. ನಮ್ಮಪ್ಪನೂ ಹೀಗೇ ಹುಡುಕ್ತಿದ್ದ.”

“ಹೊಗೆಯೆಲ್ಲಾ ನಿನ್ನೊಳಗೇ ಹೋಗ್ತಿದೆಯಲ್ಲ.”

“ಬಿಡೋಕೆ ಮೊದಲು ಎಳೀಬೇಕಲ್ಲ ಮಾರಾಯ್ತಿ.”

“ಇದು ಮೂರನೇದು. ಡಾಕ್ಟರು ಏನಂದಿದ್ರು?”

“ಡಾಕ್ಟರಿಗೆ ಎಂಜಿನ್ ವಿಷಯ ಏನು ಗೊತ್ತು? ಇವತ್ತು ಪಾಸಾಗದಿದ್ರೆ ಮೆಣಸಿನಕಾಯಿ ಇಲ್ಲೇ ಕೊಳೆಯತ್ತೆ. ನಾನು ಸೇದ್ತಿರೋದು ಗಾಡಿಗೋಸ್ಕರ.”

ಕೊಸಾರಾ ಕೈಚೀಲದಿಂದ ಗಡ್ಡ ಹೆರೆಯುವ ಬ್ರಷ್ಷು, ಸೋಪು ತೆಗೆದು, ಬಾಟಲಿ ನೀರು ಹಾಕಿ ನೊರೆ ಎಬ್ಬಿಸಿ ಕೊಳವೆಗೆ ಬಳಿದಳು.

“ಅದು ನನ್ನ ಬ್ರಷ್ಷು.”

“ನಿನ್ನ ಬುದ್ಧಿ ಗೊತ್ತಿದ್ದೇ ತಂದಿದ್ದು. ನೋಡು, ಈ ಜೋಡಣೆ ಹತ್ರ ನೊರೆ ಒಳಗೆ ಹೋಯ್ತು. ಪಟ್ಟಿ ಬಿಗಿ ಮಾಡು.”

ಅವನು ಬಿಗಿ ಮಾಡಿದ. ಎಂಜಿನ್ನಿನ ಸದ್ದು ಒಂದೇ ಸಮನಾಯಿತು. ಯಾಕೋ ವೆರಿಕಾಳಿಗೂ ನಿರಾಳವಾಯಿತು.

“ಇನ್ನು ಹೊಗೆ ಹೋಗೋ ಕಡೆ ನೋಡಬೇಕು,” ಎಂದು ರಾದೊಯೆ ಮತ್ತೆ ಜೇಬಿಗೆ ಕೈ ಹಾಕಿದ.

“ಅದಕ್ಕೆ ನಿನ್ನ ಸಹಾಯ ಬೇಡ. ತನ್ನ ಹೊಗೆ ತಾನೇ ಬಿಡತ್ತೆ. ಪ್ಯಾಕೆಟ್ ಇಲ್ಲಿ ಕೊಡು.”

ಕೊಟ್ಟ. ಬಗ್ಗಿ ನೋಡಿದರೆ ಹೊಗೆ ಹೋಗುವ ಕೊಳವೆ ಎಲ್ಲೂ ಸೋರುತ್ತಿರಲಿಲ್ಲ. ಸಾಲು ಸರಿಯಿತು. ವ್ಯಾನು ಹಿಂದಿನಿಂದ ತೆಳ್ಳಗೆ, ಹಾಯಾಗಿ ಹೊಗೆ ಬಿಡುತ್ತಾ ಒಳಗೆ ಹೋಯಿತು. ರಾದೊಯೆ ಪಕ್ಕದ ಕನ್ನಡಿಯಲ್ಲಿ ಆ ಹೊಗೆಯನ್ನೇ ಆಸೆಯಿಂದ ನೋಡುತ್ತಿದ್ದ.