ಬೆಳಿಗ್ಗೆ ಸರಿ ಇರುವ ಗಾಡಿ

ಬಂಟ್ವಾಳದ ಕಣ್ಣಿನ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಖದೀಜಳಿಗೆ ಎದುರು ಬೆಂಚಿನ ಅಣ್ಣ ತಂಗಿಯ ಜಗಳ ಕೇಳದೆ ಬೇರೆ ದಾರಿಯಿರಲಿಲ್ಲ. ಅವರ ತಾಯಿ ಒಳಗೆ ಡಾಕ್ಟರ ಬಳಿ ಇದ್ದರು. ತಂಗಿ ಅವರನ್ನು ವಾಮದಪದವಿನಿಂದ ಮನೆಯ ಹಳೆಯ ಆಟೋಮ್ಯಾಟಿಕ್ ಕಾರಿನಲ್ಲಿ ಕರೆತಂದಿದ್ದಳು. ಅಣ್ಣ ಕೆಲಸದಿಂದ ನೇರ ಇಲ್ಲಿಗೆ ಬಂದಿದ್ದ.

"ಏರಿನಲ್ಲಿ ಇಂಜಿನ್ ಬೊಬ್ಬೆ ಹೊಡೀತದೆ, ಗಾಡಿ ಮುಂದೆ ಹೋಗುವುದಿಲ್ಲ. ಇವತ್ತು ಹಿಂದಕ್ಕೇ ಜಾರಿತು. ಹಿಂದೆ ಟಿಪ್ಪರ್ ಇತ್ತು, ಅಣ್ಣ!"

"ಬೆಳಿಗ್ಗೆ ನಾನೇ ಅಂಗಳದಲ್ಲಿ ಸುತ್ತು ಹೊಡೆದು ನೋಡಿದ್ದೇನೆ ಮಾರಾಯ್ತಿ. ಬೆಣ್ಣೆಯ ಹಾಗೆ ಹೋಗ್ತದೆ."

"ಬೆಳಿಗ್ಗೆ ಅದು ತಣ್ಣಗಿರ್ತದೆ. ಗೇರ್ ಬಾಕ್ಸಿನ ಆಯಿಲ್ ಬಿಸಿಯಾದ ಮೇಲೆಯೇ ತೊಂದರೆ. ಬಿಸಿಯಾದಾಗ ಓಡಿಸಿ ನೋಡು ಅಂತ ಎಷ್ಟು ಸಲ ಹೇಳಲಿ?"

"ಗಾಡಿಗೆ ಹೊತ್ತು ನೋಡಿ ಜ್ವರ ಬರ್ತದಾ? ಏರಿನಲ್ಲಿ ಓಡಿಸಲಿಕ್ಕೆ ಗೊತ್ತಿಲ್ಲ ಅಂತ ಹೇಳು ಸಾಕು."

ಖದೀಜ ಮುಖ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು.

"ಗ್ಯಾರೇಜಿನಲ್ಲಿಯೂ ಹಾಗೇ ಹೇಳಿದ್ದಲ್ವಾ ನೀನು? ಅದಕ್ಕೇ ಅವರು ಬಾನೆಟ್ ಕೂಡ ಎತ್ತಲಿಲ್ಲ."

"ಮೆಲ್ಲ ಮಾತಾಡು ಸುರಕ್ಷಾ, ಜನ ನೋಡ್ತಾರೆ."

"ನೋಡಲಿ."

ಅಷ್ಟರಲ್ಲಿ ತಾಯಿ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದು ಹೊರಗೆ ಬಂದರು. ಸುರಕ್ಷಾ ಎದ್ದು ಕಾರಿನ ಕೀಯನ್ನು ಅಣ್ಣನ ಕೈಯಲ್ಲಿಟ್ಟಳು.

"ವಾಪಸ್ ಹೋಗುವ ದಾರಿಯಲ್ಲೂ ಏರು ಉಂಟು. ಅದು ಬರುವಾಗ ಗಾಡಿ ಸರಿಯಾಗಿ ಬಿಸಿಯಾಗಿರ್ತದೆ. ಅಮ್ಮನನ್ನು ನೀನೇ ಕರ್ಕೊಂಡು ಹೋಗು. ನಾನು ಬಸ್ಸಿನಲ್ಲಿ ಬರ್ತೇನೆ."

ಅವನು ಕೀ ನೋಡಿದ, ತಾಯಿಯನ್ನು ನೋಡಿದ.

"ಗಾಡಿ ಇಲ್ಲೇ ಇರಲಿ," ಎಂದ. "ರಿಕ್ಷಾ ಮಾಡುವ."

ಸುರಕ್ಷಾ ತಾಯಿಯ ಕೈ ಹಿಡಿದುಕೊಂಡು, ಅವನ ಮುಖ ನೋಡದೆ ಮೆಟ್ಟಿಲಿಳಿದಳು.